ಹಾಲುಜ್ವರವೂ ಹಸುವಿನ ಕರುಳಿನ ಗ್ರಾಹಕಗಳೂ

ಹೆಚ್ಚು ಹಾಲು ಕರೆಯುವ ಹಸುಗಳು ಕರು ಹಾಕಿದ ಎರಡು ಮೂರು ದಿನಗಳೊಳಗೆ ಏಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುವುದುಂಟು. ಕಿವಿಗಳು ತಣ್ಣಗಾಗುವುವು. ಇದಕ್ಕೆ ಹಾಲುಜ್ವರವೆಂದು ಹೆಸರಿದ್ದರೂ ಮೈ ಕಾಯುವುದಿಲ್ಲ. ರಕ್ತದಲ್ಲಿ ಸುಣ್ಣದ ಸತ್ತ್ವ, ಎಂದರೆ ಕ್ಯಾಲ್ಸಿಯಂ, ಕುಂದುವುದನ್ನು 1925ರಲ್ಲಿ ಲಿಟಲ್ ಮತ್ತು ರೈಟ್ ಎಂಬ ಸಂಶೋಧಕರು ತೋರಿಸಿದರು. ಸಕಾಲದಲ್ಲಿ ಚಿಕಿತ್ಸೆಯಾಗದಿದ್ದರೆ ಹಸು ಸಾಯುವುದು.

ಹತ್ತು ಲೀಟರು ಗಿಣ್ಣುಹಾಲಿನೊಡನೆ 20 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೊರಹೋಗುವುದು. ರಕ್ತದಲ್ಲಿ ಒಂದು ಹೊತ್ತಿಗೆ ಇರುವುದಾದರೋ ಸುಮಾರು 3 ಗ್ರಾಂ ಮಾತ್ರ. ಈ ನಷ್ಟವನ್ನು ಮೂಳೆಗಳೂ ಕರುಳೂ ತುಂಬಿಕೊಡಬೇಕು.

ಕರುಳು ಈ ಕೆಲಸವನ್ನು ಮಾಡುವ ಬಗೆ ಹೀಗೆ: ಡಿ ಜೀವಸತ್ತ್ವದಿಂದ ಮೂತ್ರಪಿಂಡದಲ್ಲಿ ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನು ಸಿದ್ಧವಾಗುವುದು. ಇದು ಸ್ಟೆರಾಯ್ಡ್ ಹಾರ್ಮೋನುಗಳ ಬಳಗದ್ದು. ಕರುಳಿನ ಒಳಪೊರೆಯ ಜೀವಕೋಶಗಳಲ್ಲಿ ಇದಕ್ಕೆಂದೇ ಗ್ರಾಹಕಗಳಿವೆ; ಬೀಗಕ್ಕೆ ಬೀಗದ ಕೈ ಹೊಂದುವಂತೆ ಹಾರ್ಮೋನು ಇವನ್ನು ಹೊಂದುವುದು. ಆಗ ಕೋಶವು ಮೇವಿನ ಕ್ಯಾಲ್ಸಿಯಂನ್ನು ಹೀರಿ ರಕ್ತಕ್ಕೆ ಸಾಗಿಸತಕ್ಕ ಪ್ರೋಟೀನುಗಳನ್ನು ತಯಾರಿಸುವುದು. ಇಂತಹ ಗ್ರಾಹಕವುಂಟೆಂಬುದನ್ನು ಹಾಸ್ಲರ್ ಮತ್ತು ನಾರ್ಮನ್ ಎಂಬವರು 1969ರಲ್ಲಿ ಕೋಳಿಮರಿಯ ಕರುಳಿನಲ್ಲಿ ಕಂಡರು.

ಪ್ರೋಟೀನು ತಯಾರಾಗಲು ಒಂದು ದಿನವಾದರೂ ಬೇಕು. ಅಲ್ಲದೆ, ವಯಸ್ಸಾದಂತೆ ಕರುಳಿನ ಗ್ರಾಹಕಗಳು ಕಡಮೆಯಾಗುವುವು. ಜರ್ಸಿ ತಳಿಯಲ್ಲಿ ಅವು ಹೋಲ್‌ಸ್ಟೀನ್ ತಳಿಗಿಂತಲೂ ಕಡಮೆ. ಆದುದರಿಂದಲೇ ಈ ರೋಗವು ಚೊಚ್ಚಲ ಸೂಲಿನಲ್ಲಿ ಅಪರೂಪವಾಗಿಯೂ, ಮೂರನೆಯ ಸೂಲಿನಿಂದ ಮುಂದೆ ಹೆಚ್ಚಾಗಿಯೂ ಕಾಣುವುದು.

ಗಬ್ಬದ ಹಸುವಿಗೆ ಸುಣ್ಣಸತ್ತ್ವವನ್ನು ಧಾರಾಳವಾಗಿ ತಿನ್ನಿಸಿದರೆ ರೋಗ ಬಾರದೆಂದು ಹಲವರು ನಂಬಿರುವರು. ಇದು ಸರಿಯಲ್ಲ. ಕ್ಯಾಲ್ಸಿಯಂ ಬೇಡಿದಷ್ಟು ದೊರೆಯುತ್ತಿದ್ದರೆ ಈ ಹಾರ್ಮೋನಿನ ಉತ್ಪತ್ತಿಯೇ ಕುಗ್ಗುವುದು. ಕರು ಹಾಕಿದ ದಿನ ಕರುಳು ಸಿದ್ಧವಾಗಿರುವುದಿಲ್ಲ.

ರೈತರು ಗಮನಿಸತಕ್ಕ ಅಂಶಗಳು:

1. ಕರು ಹಾಕುವುದಕ್ಕೆ ಮುಂಚಿನ ಎರಡು ಮೂರು ವಾರಗಳಲ್ಲಿ ಸುಣ್ಣಸತ್ತ್ವದ ಪುಡಿಯನ್ನೂ ಕುದುರೆಮಸಾಲೆ ಸೊಪ್ಪನ್ನೂ ಹೆಚ್ಚಾಗಿ ಕೊಡಕೂಡದು.

2. ಕರು ಹಾಕಿದ ದಿನದಿಂದ ಕ್ಯಾಲ್ಸಿಯಂ ಸಾಕಷ್ಟು ದೊರೆಯುವಂತೆ ನೋಡಿಕೊಳ್ಳತಕ್ಕದ್ದು.

3. ಬಿದ್ದ ಹಸುವಿಗೆ ಗೊಟ್ಟದಿಂದ ಔಷಧಿಯನ್ನು ಹೊಯ್ಯಲೇಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುವುದು.

4. ಹುಲ್ಲುತುಂಬಿದ ಚೀಲಗಳನ್ನು ಒತ್ತುಕೊಟ್ಟು ಹಸುವನ್ನು ಎದೆಯ ಮೇಲೆ ಕುಳ್ಳಿರಿಸಿ, ಕೂಡಲೆ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಅವರು ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ದ್ರಾವಣವನ್ನು ರಕ್ತನಾಳಕ್ಕೆ ನಿಧಾನವಾಗಿ ಏರಿಸುವರು. ಅವಸರದಿಂದ ಏರಿಸಿದರೆ ಹೃದಯವು ನಿಲ್ಲಬಹುದಾದುದರಿಂದ, ಈ ಕೆಲಸಕ್ಕೆ ಇತರರು ಕೈಹಾಕಬಾರದು.