ಮಗುವಿನ ಮೊದಲ ದಿನದ ಚುಚ್ಚುಮದ್ದು

ಕಳಸ ಸೀಮೆಯ ಬಸುರಿಯರಲ್ಲಿ ಹಲವರು ಹೆರಿಗೆಗೆ ಘಟ್ಟದ ರಸ್ತೆ ಹಿಡಿದು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಗು ಹುಟ್ಟಿದ ಮೇಲೆ ಮನೆಯವರ ಗಮನವೆಲ್ಲ ಡಿಸ್ಚಾರ್ಜ್ ಮೇಲೆ, ಮಳೆ ಜೋರಾಗುವ ಮೊದಲು ಊರು ಸೇರುವುದರ ಮೇಲೆ. ಅಷ್ಟರಲ್ಲಿ ಒಂದು ಮಾತು ಕೇಳಿಬಿಡಿ: ಹೆಪಟೈಟಿಸ್-ಬಿ ಚುಚ್ಚುಮದ್ದು ಆಯಿತೇ?

ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಹುಟ್ಟಿದಾಗಿನ ಲಸಿಕೆಗಳು ಮೂರು. ಬಿಸಿಜಿಯನ್ನು ಒಂದು ವರ್ಷದೊಳಗೆ, ಪೋಲಿಯೊ ಹನಿಯನ್ನು 15 ದಿನದೊಳಗೆ ಕೊಡಿಸಬಹುದು. ಹೆಪಟೈಟಿಸ್-ಬಿಗೆ ಮಾತ್ರ ಇರುವುದು 24 ಗಂಟೆ. ತಾಯಿಯಲ್ಲಿ ವೈರಸ್ ಇದ್ದರೆ ಅದು ಮಗುವಿಗೆ ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿಗೇ. ಹಾಗೆ ಸೋಂಕು ತಗುಲಿದ ಶಿಶುಗಳಲ್ಲಿ 10ಕ್ಕೆ 9 ಮಕ್ಕಳಿಗೆ ಅದು ಬಿಡದೆ ಉಳಿದು, ಮುಂದೆ ಯಕೃತ್ತನ್ನು ಕೆಡಿಸಬಲ್ಲದು. ಹುಟ್ಟಿದ ಕೂಡಲೇ ಕೊಡುವ ವಿಟಮಿನ್-ಕೆ ಚುಚ್ಚುಮದ್ದನ್ನು ನೋಡಿ "ಲಸಿಕೆ ಆಯಿತು" ಅಂದುಕೊಳ್ಳಬೇಡಿ, ಅದು ರಕ್ತಸ್ರಾವ ತಡೆಯಲಿಕ್ಕೆ.

ಆಸ್ಪತ್ರೆಯವರಿಗೂ ಒಂದು ವಿನಂತಿ. ಬಿಸಿಜಿ ಸೀಸೆ ತೆರೆದರೆ 4 ಗಂಟೆಯಲ್ಲಿ ಮುಗಿಸಬೇಕು, ಇನ್ನೆರಡು ಮಕ್ಕಳು ಸೇರಲಿ ಎಂದು ಕಾಯುವುದು ಅರ್ಥವಾಗುತ್ತದೆ. ಆದರೆ ಹೆಪಟೈಟಿಸ್-ಬಿ ಸೀಸೆಯನ್ನು ಸರಿಯಾಗಿ ತಂಪಿನಲ್ಲಿಟ್ಟರೆ ತೆರೆದ ಮೇಲೂ 28 ದಿನ ಬಳಸಬಹುದು. ಒಂದೇ ಮಗುವಿದ್ದರೂ, ಭಾನುವಾರವಾದರೂ ತೆರೆಯಿರಿ. ಹೆರಿಗೆ ಕೊಠಡಿಯಲ್ಲೇ ಕೊಟ್ಟರೆ ಇನ್ನೂ ಒಳ್ಳೆಯದು.

ತೋಟದ ಲೈನ್‌ಮನೆಗಳಿಗೆ ದೂರದ ರಾಜ್ಯಗಳಿಂದ ಬಂದ ಕುಟುಂಬಗಳಿಗೆ ಈ 24 ಗಂಟೆಯ ವಿಷಯವನ್ನು ಅವರ ಭಾಷೆಯಲ್ಲಿ ಹೇಳುವವರು ಬೇಕು. ತೋಟದ ಮಾಲೀಕರು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೂ ಸಾಕು. ಆಸ್ಪತ್ರೆಯಿಂದ ಹೊರಡುವ ಮುನ್ನ ತಾಯಿ ಕಾರ್ಡ್‌ನಲ್ಲಿ ಮೂರೂ ಲಸಿಕೆಗಳ ದಿನಾಂಕ ಬರೆಸಿಕೊಳ್ಳಿ. ಮುಂದಿನ ಲಸಿಕೆ 6 ವಾರಕ್ಕೆ. ಅದನ್ನು ಊರಿನ ಹತ್ತಿರವೇ ಹಾಕಿಸಬಹುದು.