ಬಿಳಿ ಮಚ್ಚೆ ಕಂಡರೆ ಮುಟ್ಟಿ ನೋಡಿ

ಮೈಮೇಲೆ ಬಿಳಿ ಮಚ್ಚೆ ಕಂಡ ಕೂಡಲೇ ತೊನ್ನೆಂದು ಹೆದರಬೇಡಿ. ಎದೆ, ಬೆನ್ನಿನ ಮೇಲೆ ಮೂಡಿ, ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಉದುರುವಂಥದ್ದು ಹೆಚ್ಚಾಗಿ ಚಿಬ್ಬು. ಔಷಧಿಗೆ ಬಗ್ಗುತ್ತದೆ, ಬಣ್ಣ ಮರಳಲು ಮಾತ್ರ ಕೆಲವು ತಿಂಗಳು ಹಿಡಿಯುತ್ತದೆ. ತೊನ್ನಾದರೆ ಹಾಲುಬಿಳುಪು, ಹೊಟ್ಟಿರುವುದಿಲ್ಲ, ಯಾರಿಗೂ ಅಂಟುವುದೂ ಇಲ್ಲ. ಅದಿರುವವರ ಪಕ್ಕ ಕೂತು ಉಣ್ಣಲು ಹಿಂಜರಿಯುವುದು ದೊಡ್ಡ ಅನ್ಯಾಯ.

ನನಗೆ ಚಿಂತೆಯಿರುವುದು ನೋವಿಲ್ಲದ, ತುರಿಸದ ಮಾಸಲು ಮಚ್ಚೆಯ ಬಗ್ಗೆ. ಮಚ್ಚೆಯಿರುವವರಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯನ್ನು ಅದರ ಮೇಲೆ ಮೆಲ್ಲಗೆ ತಾಗಿಸಿ. ಸ್ಪರ್ಶ ತಿಳಿಯದಿದ್ದರೆ ಕುಷ್ಠ ಇರಬಹುದು. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 6ರಿಂದ 12 ತಿಂಗಳ ಮಾತ್ರೆ ಉಚಿತವಾಗಿ ಸಿಗುತ್ತದೆ, ಪೂರ್ತಿ ವಾಸಿಯಾಗುತ್ತದೆ. ವೈದ್ಯರು ಹೇಳದೆ ಅಂಗಡಿಯಿಂದ ತಂದ ಸ್ಟೆರಾಯ್ಡ್ ಮುಲಾಮನ್ನಂತೂ ಯಾವ ಮಚ್ಚೆಗೂ ಹಚ್ಚಬೇಡಿ.