ಪ್ರಶ್ನೆ ಕೇಳಿದವರು ಯಾರು? ಬರೆದುಕೊಂಡವರು ಯಾರು?

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಮತಸುಧಾರಣೆಯ ಪಾಠ ಮಾಡುವಾಗ, ಪಠ್ಯದಲ್ಲಿಲ್ಲದ ಒಬ್ಬ ಸಾಮಾನ್ಯನನ್ನು ಮಕ್ಕಳಿಗೆ ಪರಿಚಯಿಸಿದೆ. ಇಟಲಿಯ ಫ್ರಿಯುಲಿ ಪ್ರದೇಶದ ಡೊಮೆನಿಕೊ ಸ್ಕಾಂಡೆಲ್ಲ ಹಿಟ್ಟಿನ ಗಿರಣಿಯವನು, ಊರವರಿಗೆ ಮೆನೋಕ್ಕಿಯೊ. ಓದುಬರಹ ಬಲ್ಲವನು. ಚೀಸಿನಲ್ಲಿ ಹುಳು ಹುಟ್ಟುವಂತೆ ಆದಿಯ ಗೊಂದಲದಿಂದ ದೇವದೂತರು ಹುಟ್ಟಿದರೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. 1584ರಲ್ಲಿ ಕ್ಯಾಥೊಲಿಕ್ ಚರ್ಚಿನ ಇನ್‌ಕ್ವಿಸಿಷನ್ ನ್ಯಾಯಾಲಯ ಅವನನ್ನು ಧರ್ಮದ್ರೋಹಿಯೆಂದು ಸೆರೆಗೆ ಹಾಕಿತು. 1586ರಲ್ಲಿ ಬಿಡುಗಡೆಯಾದರೂ ಊರು ಬಿಡುವಂತಿರಲಿಲ್ಲ, ಶಿಲುಬೆಯ ಗುರುತಿನ ಉಡುಪು ತೊಡಬೇಕಿತ್ತು. 1599ರಲ್ಲಿ ಮತ್ತೆ ವಿಚಾರಣೆ, ಕೊನೆಗೆ ಮರಣದಂಡನೆ.

ನನ್ನ ಪಾಠಯೋಜನೆಯಲ್ಲಿದ್ದ ಚರ್ಚಾಪ್ರಶ್ನೆ ಒಂದೇ: ‘ಅವನು ತಪ್ಪಿತಸ್ಥನೇ?’ ತರಗತಿ ಎರಡು ಪಾಳಯವಾಗಿ ಗದ್ದಲವೆದ್ದಿತು. ಹಿಂದಿನ ಬೆಂಚಿನ ಹುಡುಗಿ, “ಮಿಸ್, ಅವನು ಹೇಳಿದ್ದನ್ನು ಬರೆದುಕೊಂಡವರು ಯಾರು?” ಎಂದಳು. ನಾನು ತಡವರಿಸಿದೆ. ನೋಡಲು ಬಂದಿದ್ದ ಮಾರ್ಗದರ್ಶಕರು ನಸುನಕ್ಕರು.

ಮರುದಿನ ಕಪ್ಪುಹಲಗೆಯಲ್ಲಿ ಎರಡು ಕಾಲಂ ಬರೆದೆ: ಕೇಳಿದ ಪ್ರಶ್ನೆ, ಕೊಟ್ಟ ಉತ್ತರ. ಬರೆದುಕೊಂಡವನು ನ್ಯಾಯಾಲಯದ ಲಿಪಿಕಾರ, ಪ್ರಶ್ನೆಗಳು ವಿಚಾರಕರವು. ಜೊತೆಗಾರರು ಯಾರೆಂದು ಅವರು ಪಟ್ಟುಹಿಡಿದು ಕೇಳಿದ್ದರು. ಆ ವಿಚಾರಗಳು ತನ್ನ ತಲೆಯಿಂದಲೇ ಬಂದವೆಂದು ಅವನು ಹೇಳಿದ್ದ. ಅದು ಹೆಮ್ಮೆಯೇ, ಗೆಳೆಯರನ್ನು ಕಾಪಾಡುವ ಉಪಾಯವೇ? ಮಕ್ಕಳು ಈ ಬಾರಿ ಗದ್ದಲ ಮಾಡಲಿಲ್ಲ, ಯೋಚಿಸಿದರು.

ತೀರ್ಪು ಕೊಡುವುದನ್ನು ಕಲಿಸಹೊರಟ ನಾನು ವಿಚಾರಕರ ಪೀಠದಲ್ಲೇ ಮಕ್ಕಳನ್ನು ಕೂರಿಸಿದ್ದೆ. ವಿಚಾರಣೆಯ ಕಡತವನ್ನು ಆಧಾರವಾಗಿ ಬಳಸುವ ಸಹಪಾಠಿಗಳು ಆ ಹುಡುಗಿಯ ಪ್ರಶ್ನೆಯಿಂದಲೇ ಪಾಠ ಆರಂಭಿಸಲಿ.